ಉಗುರಿನಿಂದ ಕೆರೆದು ನೋಡುತ್ತಿದ್ದವರು

ವಿನೋಬನಗರದಲ್ಲಿ ನನ್ನದೊಂದು ಮೆಡಿಕಲ್ ಶಾಪ್ ಇದೆ. ಹದಿನಾರು ವರ್ಷ ಒಂದೇ ಕೌಂಟರಿನ ಹಿಂದೆ ನಿಂತವಳು ನಾನು. ಯಾರು ಯಾವ ಮಾತ್ರೆಗೆ ಬಂದಿದ್ದಾರೆ ಎಂದು ಅವರು ಬಾಯಿ ಬಿಡುವ ಮೊದಲೇ ಊಹಿಸಬಲ್ಲೆ ಎಂಬ ಸಣ್ಣ ಜಂಬ ನನಗಿತ್ತು. ಆ ಜಂಬ ಇಳಿಸಿದವರ ಬಗ್ಗೆ ಬರೆಯುತ್ತಿದ್ದೇನೆ. ಹೆಸರು ಬರೆಯುವುದಿಲ್ಲ. ಇದ್ದಿದ್ದರೆ ಅವರೇ ಬೇಡ ಅನ್ನುತ್ತಿದ್ದರು.

ಅವರು ಪ್ರತಿ ಶನಿವಾರ ಭದ್ರಾವತಿಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ಮಗಳ ಮನೆ ನಮ್ಮ ಅಂಗಡಿಯ ಹಿಂದಿನ ರಸ್ತೆಯಲ್ಲಿತ್ತು. ಸಣಕಲು ಮೈ, ಗುಂಡಿ ಹಾಕಿದ ತುಂಬುತೋಳಿನ ಅಂಗಿ, ಹೆಗಲಿಗೊಂದು ಬಟ್ಟೆಯ ಚೀಲ. ಮೂಗಿನ ಮೇಲೆ ಒಂದು ಕನ್ನಡಕ, ಕೊರಳಲ್ಲಿ ದಾರ ಕಟ್ಟಿ ಇಳಿಬಿಟ್ಟ ಇನ್ನೊಂದು. ಕೇಳುತ್ತಿದ್ದದ್ದು ಯಾವಾಗಲೂ ಮೂರೇ ಸಾಮಾನು: ಸರ್ಜಿಕಲ್ ಸ್ಪಿರಿಟ್ ಎರಡು ಬಾಟ್ಲಿ, ಹತ್ತಿ ಒಂದು ರೋಲು, ಪೆಟ್ರೋಲಿಯಂ ಜೆಲ್ಲಿ ದೊಡ್ಡ ಡಬ್ಬಿ. ಮೊದಲ ವಾರ ಕೊಟ್ಟೆ. ಎರಡನೇ ವಾರವೂ ಕೊಟ್ಟೆ. ಮೂರನೇ ವಾರ ನನಗೆ ಅನುಮಾನ ಶುರುವಾಯಿತು. ಸ್ಪಿರಿಟ್ ಕೊಂಡುಹೋಗಿ ನೀರು ಬೆರೆಸಿ ಕುಡಿಯುವವರನ್ನು ಈ ಕಸುಬಿನಲ್ಲಿರುವವರೆಲ್ಲ ನೋಡಿರುತ್ತಾರೆ.

"ಮನೇಲಿ ಯಾರಿಗಾದ್ರೂ ಗಾಯ ಆಗಿದೆಯಾ ಸರ್?" ಎಂದೆ.

"ಇಲ್ಲ."

"ಇನ್ಸುಲಿನ್ ತಗೊಳ್ಳೋರು ಇದ್ದಾರಾ?"

"ಇಲ್ಲ."

"ಹಾಗಾದ್ರೆ ಈ ಸಲ ಸ್ಪಿರಿಟ್ ಕೊಡೋಕೆ ಆಗಲ್ಲ ಸರ್. ಡಾಕ್ಟರ ಚೀಟಿ ತನ್ನಿ."

ಅವರು ಸಿಟ್ಟಾಗಲಿಲ್ಲ. "ನಿಮ್ಮ ಅನುಮಾನ ಸರಿಯಾಗೇ ಇದೆ ತಾಯಿ, ಕೇಳಲೇಬೇಕು. ಆದ್ರೆ ಇದು ನಂಗಲ್ಲ, ದಾಸವಾಳಕ್ಕೆ" ಎಂದರು. ಚೀಲದಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದು, ಅದರೊಳಗಿನ ದಾಸವಾಳದ ಕಡ್ಡಿಯನ್ನು ಕೌಂಟರಿನ ಗಾಜಿನ ಮೇಲಿಟ್ಟರು. ಕಡ್ಡಿಯ ಉದ್ದಕ್ಕೂ ಕಂದು ಬಣ್ಣದ ಸಣ್ಣ ಸಣ್ಣ ಉಬ್ಬುಗಳಿದ್ದವು.

"ಇದೇನು ಹೇಳಿ ನೋಡೋಣ."

"ಕಡ್ಡಿಯ ಗಂಟು ಅಲ್ವಾ?"

"ಎಲ್ಲರೂ ಹಾಗೇ ಅಂದ್ಕೋತಾರೆ. ಅದಕ್ಕೇ ಅದು ಬದುಕಿರೋದು." ಹೆಬ್ಬೆರಳಿನ ಉಗುರಿನಿಂದ ಒಂದು ಉಬ್ಬನ್ನು ಮೆಲ್ಲಗೆ ಎಬ್ಬಿಸಿ ಮಗುಚಿ ಹಾಕಿದರು. ಜೇಬಿನಿಂದ ಲೆನ್ಸ್ ತೆಗೆದು ನನ್ನ ಕೈಗೆ ಕೊಟ್ಟರು. ಚಿಪ್ಪಿನ ಕೆಳಗೆ ಅರಿಸಿನದ ಹುಡಿಯಂತೆ ಮೊಟ್ಟೆಗಳ ರಾಶಿ ಕಂಡಿತು. ನಾನು ನೋಡುತ್ತಿದ್ದ ಹಾಗೇ ಆ ಹುಡಿಯ ಒಂದು ಕಣ ಎದ್ದು ನಡೆಯತೊಡಗಿತು.

"ಹುಟ್ಟಿದಾಗ ಮಾತ್ರ ಓಡಾಡುತ್ತೆ" ಎಂದರು ಅವರು. "ಒಂದೆರಡು ದಿನ. ಜಾಗ ಸಿಕ್ತಾ, ಬಾಯಿ ಚುಚ್ಚಿ ಕೂತುಬಿಡುತ್ತೆ. ಮೇಲೊಂದು ಚಿಪ್ಪು ಕಟ್ಕೊಳ್ಳುತ್ತೆ. ಆಮೇಲೆ ನೀವು ಏನು ಹೊಡೆದರೂ ಅದಕ್ಕೆ ತಾಗೋದು ಕಷ್ಟ. ಒಂದೆರಡು ಗಿಡ ಆದ್ರೆ ಹತ್ತಿಗೆ ಸ್ಪಿರಿಟ್ ಅದ್ದಿ ಒರೆಸಿದ್ರೆ ಸಾಕು. ಅದಕ್ಕೆ ಬೇಕಿತ್ತು."

ಅಷ್ಟು ಹೊತ್ತೂ ಅವರನ್ನು ಮನಸ್ಸಿನಲ್ಲೇ ಕುಡುಕ ಎಂದುಕೊಂಡಿದ್ದೆ. ಎರಡಲ್ಲ, ಮೂರು ಬಾಟ್ಲಿ ಕೊಟ್ಟೆ.

ಆ ಹುಳಕ್ಕೆ ಕೃಷಿಯವರ ಕರಪತ್ರಗಳಲ್ಲಿ ಶಲ್ಕ ಕೀಟ ಎಂದಿರುತ್ತದೆ. ತೋಟದವರು ಹುರುಪೆ ಹುಳ ಅನ್ನುತ್ತಾರೆ, ಔಷಧಿ ಅಂಗಡಿಯಲ್ಲಿ ಸ್ಕೇಲ್. ಇವರು ಸ್ಕೇಲ್ ಎಂದೇ ಅನ್ನುತ್ತಿದ್ದರು, ಮತ್ತು ಅನ್ನುವಾಗ ಸಣ್ಣಗೆ ನಗುತ್ತಿದ್ದರು. ಯಾಕೆಂದರೆ ಅವರು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಉಕ್ಕಿನ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿದ್ದವರು. ಕಾದ ಉಕ್ಕಿನ ಮೇಲೆ ಕಟ್ಟುವ ಕಪ್ಪು ಹೊಪ್ಪಳೆಗೂ ಅಲ್ಲಿ ಸ್ಕೇಲ್ ಎಂದೇ ಹೆಸರು. "ಸರ್ವೀಸಲ್ಲೂ ಅದೇ, ಪೆನ್ಶನ್ನಲ್ಲೂ ಅದೇ" ಎನ್ನುವುದು ಅವರ ಒಂದೇ ಒಂದು ಜೋಕು. ಅದನ್ನು ನಾನು ಕಡಿಮೆಯೆಂದರೂ ಇಪ್ಪತ್ತು ಸಲ ಕೇಳಿದ್ದೇನೆ.

ಕೃಷಿ ಓದಿದವರಲ್ಲ. ತೋಟ ಇದ್ದವರೂ ಅಲ್ಲ. ನಿವೃತ್ತಿಯ ಆಸುಪಾಸಿನಲ್ಲಿ ಈ ಹುಚ್ಚು ಹಿಡಿಯಿತು ಎಂದು ಮಾತ್ರ ಮೊದಮೊದಲು ಹೇಳುತ್ತಿದ್ದರು. ಯಾಕೆ ಹಿಡಿಯಿತು ಎಂಬುದು ನನಗೆ ತಿಳಿದದ್ದು ತಡವಾಗಿ.

ಬೇಲಿಯೊಂದನ್ನು ನೋಡದೆ ದಾಟುವುದು ಅವರಿಂದ ಆಗುತ್ತಿರಲಿಲ್ಲ. ಗುರುತಿಲ್ಲದವರ ಕಾಂಪೌಂಡಿನ ಒಳಗೆ ಕೈ ಹಾಕಿ ಎಲೆ ಮಗುಚಿ ನೋಡಿ ಬೈಸಿಕೊಂಡದ್ದುಂಟು. ಒಮ್ಮೆ ಮೊಮ್ಮಗಳ ಹುಟ್ಟುಹಬ್ಬಕ್ಕೆಂದು ಮನೆಯವರೆಲ್ಲ ಹೋಟೆಲಿಗೆ ಹೋದಾಗ ಇವರು ಬಾಗಿಲಲ್ಲಿದ್ದ ಕ್ರೋಟನ್ ಕುಂಡಗಳ ಹತ್ತಿರವೇ ಉಳಿದು, ಊಟ ಮುಗಿಯುವ ಹೊತ್ತಿಗೆ ಒಳಗೆ ಬಂದರಂತೆ. ಮಗಳು ಅದನ್ನು ನನ್ನ ಅಂಗಡಿಯಲ್ಲಿ ನಿಂತು, ಅವರ ಎದುರಿಗೇ, ಇನ್ನೂ ಆರದ ಸಿಟ್ಟಿನಲ್ಲಿ ಹೇಳಿದಳು. ಅವರು ತಲೆ ತಗ್ಗಿಸಿ ಕೇಳಿಸಿಕೊಂಡು, "ತಪ್ಪಾಯ್ತು. ಆದ್ರೆ ಆ ಕುಂಡಕ್ಕೆ ದಿನಾ ನೀರು ಹಾಕೋ ಹೆಂಗಸಿಗೆ ಹೇಳಿ ಬಂದೆ" ಎಂದರು. ತಪ್ಪಾಯ್ತು ಎಂಬ ಮಾತು ಪ್ರಾಮಾಣಿಕವಾಗಿತ್ತು. ಮುಂದಿನ ಸಲವೂ ಹಾಗೇ ಮಾಡುತ್ತಾರೆ ಎಂಬುದೂ ಅಷ್ಟೇ ಖಚಿತವಾಗಿತ್ತು.

ನನ್ನ ಕೌಂಟರು ನಿಧಾನಕ್ಕೆ ಅವರ ಹೊರರೋಗಿ ವಿಭಾಗವಾಯಿತು. ಶನಿವಾರ ಬೆಳಿಗ್ಗೆ ಜನ ಕವರಿನಲ್ಲಿ ಎಲೆ ಹಿಡಿದು ಬರುತ್ತಿದ್ದರು: ನಿಂಬೆ, ಸೀತಾಫಲ, ಕಣಗಿಲೆ, ನಂದಬಟ್ಟಲು. ಅವರು ಯಾರಿಗೂ ಮೊದಲು ಔಷಧಿ ಹೇಳುತ್ತಿರಲಿಲ್ಲ. ಮೊದಲ ಪ್ರಶ್ನೆ, "ಎಲೆ ಅಂಟಂಟಾಗಿದೆಯಾ?" ಎರಡನೆಯದು, "ಇರುವೆ ಓಡಾಡ್ತಿವೆಯಾ?" ಆಮೇಲೆ ಉಗುರು. ಅಂಟಿದ್ದರೆ ಒಂದು ಜಾತಿ, ಮೆತ್ತನೆಯದು. ಸಿಹಿನೀರು ಸುರಿಸುತ್ತದೆ, ಅದಕ್ಕೆ ಇರುವೆ ಬರುತ್ತದೆ, ಆ ಸಿಹಿಯ ಮೇಲೆ ಕಪ್ಪು ಬೂಷ್ಟು ಬೆಳೆಯುತ್ತದೆ. ಅಂಟಿಲ್ಲದೆ ಬರೀ ಹುರುಪೆ ಇದ್ದರೆ ಇನ್ನೊಂದು ಜಾತಿ. ಅದರ ಚಿಪ್ಪು ಒಂದು ಕಡೆ, ಹುಳ ಒಂದು ಕಡೆ, ಎಬ್ಬಿಸಿದರೆ ಮುಚ್ಚಳದಂತೆ ಬೇರೆಯಾಗುತ್ತದೆ. ಇದನ್ನು ಅವರು ಎಷ್ಟು ಜನರಿಗೆ ಎಷ್ಟು ಸಲ ಹೇಳಿದರೋ! ಪ್ರತಿ ಸಲವೂ ಆ ದಿನವೇ ಕಂಡುಹಿಡಿದವರ ಹಾಗೆ ಹೇಳುತ್ತಿದ್ದರು. ತಲೆನೋವಿನ ಮಾತ್ರೆಗೆ ಬಂದವರು ಹಿಂದೆ ಸಾಲಿನಲ್ಲಿ ಕಾಯುತ್ತಾ ನಿಂತಿರುತ್ತಿದ್ದರು. ಅವರಲ್ಲಿ ಕೆಲವರು ತಲೆನೋವು ಮರೆತು ಲೆನ್ಸಿಗೆ ಕೈ ಚಾಚಿದ್ದನ್ನೂ ಕಂಡಿದ್ದೇನೆ.

ಇಷ್ಟೆಲ್ಲ ನೋಡಿಯೂ ನನ್ನ ಮನೆಯ ಮರವನ್ನು ನಾನು ನೋಡಿರಲಿಲ್ಲ.

ನಮ್ಮ ಮನೆಯ ಹಿಂದೆ ಒಂದು ಸಂಪಿಗೆ ಮರ. ನಮ್ಮ ಅತ್ತೆ ಮದುವೆಯಾಗಿ ಬಂದ ವರ್ಷ ನೆಟ್ಟದ್ದು. ಅದರ ಅರ್ಧ ಕೊಂಬೆಗಳು ಪಕ್ಕದ ಮನೆಯ ತಾರಸಿಯ ಮೇಲಿವೆ. ಪಕ್ಕದ ಮನೆ ಗಿರಿಜಕ್ಕನದು. ಗಂಡ ತೀರಿಹೋದ ಮೇಲೆ ಹಪ್ಪಳ, ಸಂಡಿಗೆ ಮಾಡಿ ಮಾರಿಯೇ ಇಬ್ಬರು ಹೆಣ್ಣುಮಕ್ಕಳನ್ನು ಓದಿಸಿದವರು. ಆ ತಾರಸಿಯೇ ಅವರ ಕಾರ್ಖಾನೆ. ಆ ವರ್ಷ ಬಿಸಿಲು ಏರುವ ಹೊತ್ತಿಗೆ, ಹಪ್ಪಳ ಹಾಕುವ ಕಾಲಕ್ಕೆ ಸರಿಯಾಗಿ, ಮರದಿಂದ ಸಣ್ಣಗೆ ಅಂಟು ಉದುರತೊಡಗಿತು. ಹಾಸಿದ ಸೀರೆಗಳ ಮೇಲೆ ಕಪ್ಪು ಮಸಿ, ಹಪ್ಪಳದ ತುಂಬ ಇರುವೆ. ಎರಡು ದಿನದ ಹಪ್ಪಳವನ್ನು ಅವರು ನನ್ನ ಕಣ್ಣೆದುರಿಗೇ ಬುಟ್ಟಿಯಲ್ಲಿ ತಂದು ನಮ್ಮ ಗೇಟಿನ ಪಕ್ಕ ಸುರಿದರು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ನಮ್ಮನೆಯವರು ಔಷಧಿ ಅಂಗಡಿಗೆ ಹೋಗಿ, ಇದ್ದದ್ದರಲ್ಲಿ ಜೋರಾದದ್ದು ತಂದು ಎರಡು ಸಲ ಹೊಡೆಸಿದರು. ಅಂಟು ಇನ್ನೂ ಹೆಚ್ಚಾಯಿತು. ಗಿರಿಜಕ್ಕ ಮರ ಕಡಿಸಲು ಪಾಲಿಕೆಗೆ ಅರ್ಜಿ ಕೊಟ್ಟರು. ನಮ್ಮನೆಯವರು, "ಅವರದ್ದೇನು ತಪ್ಪಿದೆ? ಕಡಿಸಿಬಿಡೋಣ" ಎಂದರು. ಅತ್ತೆ, "ಕಡಿಸೋದಾದ್ರೆ ಕಡಿಸಿ. ನನ್ನನ್ನ ಕೇಳಬೇಡಿ" ಎಂದು ಒಳಗೆ ಹೋದರು. ಆ ದಿನದಿಂದ ಹಿತ್ತಿಲ ಬಾಗಿಲು ತೆರೆಯುವುದನ್ನೇ ಬಿಟ್ಟರು.

ಶನಿವಾರ ಅವರಿಗೆ ಹೇಳಿದೆ. "ಇಷ್ಟು ದಿನ ಯಾಕೆ ಹೇಳ್ಲಿಲ್ಲ ಮಾರಾಯ್ತಿ?" ಎಂದರು. ತಾಯಿ ಹೋಗಿ ಮಾರಾಯ್ತಿ ಆದದ್ದು ಅಂದೇ. ಅಂಗಡಿ ಮುಚ್ಚಿಸಿ ನನ್ನ ಜೊತೆ ನಡೆದೇ ಬಂದರು.

ಬಂದವರು ಮರದ ಬುಡದಲ್ಲಿ ಸುಮ್ಮನೆ ನಿಂತರು. ಹತ್ತು ನಿಮಿಷ ಇರುವೆಗಳನ್ನು ನೋಡಿದರು. ಆಮೇಲೆ ನಮ್ಮ ಹಿಂದಿನ ತಾರಸಿ ಹತ್ತಿ, ಕೈಗೆ ಸಿಕ್ಕ ಕೊಂಬೆಗಳನ್ನು ಒಂದೊಂದಾಗಿ ಎಳೆದು ಉಗುರಿನಿಂದ ಕೆರೆದರು. ನಾವು ತೊಗಟೆ ಎಂದುಕೊಂಡಿದ್ದದ್ದು ಗೇಣುಗಟ್ಟಲೆ ತೊಗಟೆಯೇ ಆಗಿರಲಿಲ್ಲ. ಅವರ ಉಗುರು ಒದ್ದೆಯಾಯಿತು.

"ಏನು ಹೊಡೆದಿದ್ರಿ?" ಎಂದು ನಮ್ಮನೆಯವರನ್ನು ಕೇಳಿದರು. ನಮ್ಮನೆಯವರು ಔಷಧಿಯ ಹೆಸರು ಹೇಳಿದರು. "ಹುಳಕ್ಕೆ ಚಿಪ್ಪಿತ್ತು, ಉಳೀತು. ಅದನ್ನ ತಿನ್ನೋ ಜೀವಗಳಿಗೆ ಚಿಪ್ಪಿರಲಿಲ್ಲ, ಹೋದ್ವು. ಅದಕ್ಕೇ ಜಾಸ್ತಿ ಆಗಿದ್ದು. ಬೇಜಾರು ಮಾಡ್ಕೋಬೇಡಿ, ಎಲ್ಲರೂ ಇದನ್ನೇ ಮಾಡೋದು."

ನಮ್ಮನೆಯವರು ಸಮಾಧಾನದ ಮನುಷ್ಯ. "ಸರ್, ಇಷ್ಟೆಲ್ಲ ಒದ್ದಾಡೋ ಬದಲು ಕಡಿದುಬಿಟ್ರೆ ಆಗಲ್ವಾ? ಬೇರೆ ಗಿಡ ನೆಟ್ಟರಾಯ್ತು" ಎಂದರು.

ಅವರು ತಾರಸಿಯ ಕಟ್ಟೆಯ ಮೇಲೆ ಕೂತರು. ಲೆನ್ಸನ್ನು ಜೇಬಿಗೆ ಹಾಕಿಕೊಂಡರು. ಆಮೇಲೆ ಆ ಕಥೆ ಹೇಳಿದರು.

ನ್ಯೂ ಟೌನಿನಲ್ಲಿ ಅವರ ಕ್ವಾರ್ಟರ್ಸ್ ಇದ್ದ ರಸ್ತೆಗೆ ಏಳು ಹೊಂಗೆ ಮರಗಳಿದ್ದವಂತೆ. ಒಂದು ವರ್ಷ ಎಲೆಗಳೆಲ್ಲ ಕಪ್ಪಾದವು. ಮರ ಸಾಯುತ್ತಿದೆ, ಬಿದ್ದರೆ ಮನೆಗಳ ಮೇಲೆ ಬೀಳುತ್ತದೆ ಎಂದು ರಸ್ತೆಯವರೆಲ್ಲ ಗಾಬರಿಯಾದರು. ನೀವು ತಪಾಸಣೆಯವರು, ನೀವೇ ನೋಡಿ ಹೇಳಿ ಎಂದು ಇವರನ್ನೇ ಕೇಳಿದರು.

"ನಾನು ಕಬ್ಬಿಣ ನೋಡಿ, ಸರಿ ಇಲ್ಲದ್ದಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕೋನು. ಮೇಲೆ ಕಪ್ಪು ಕಂಡ್ತು, ಏಳಕ್ಕೂ ಹಾಕಿಬಿಟ್ಟೆ. ನನ್ನ ಹೆಂಡತಿ ಬೇಡ ಅಂದ್ಲು. ಮಧ್ಯಾಹ್ನ ಹೆಂಗಸರೆಲ್ಲ ಅದರ ಕೆಳಗೇ ಕೂತು ಅಕ್ಕಿ ಆರಿಸೋರು, ಬೀಡಿ ಕಾಲೋನಿಯ ತಮಿಳು ಹೆಂಗಸರೂ ಬಂದು ಕೂರೋರು. ನಿಂಗೇನು ಗೊತ್ತು ಅಂದೆ. ಎರಡು ದಿನದಲ್ಲಿ ಏಳೂ ಕಡಿದ್ರು. ಕೊಂಬೆಗಳು ಇನ್ನೂ ರಸ್ತೇಲೇ ಬಿದ್ದಿದ್ವು, ಕೃಷಿ ಕಾಲೇಜಿನಲ್ಲಿದ್ದ ಒಬ್ಬರು ಯಾರದೋ ಮನೆಗೆ ಬಂದೋರು ಎಲೆ ಎತ್ತಿ ನೋಡಿದ್ರು. ಉಗುರಲ್ಲಿ ಕೆರೆದ್ರು. ಪುಡಿಪುಡಿಯಾಗಿ ಉದುರ್ತು. ಇದು ಸತ್ತು ಎಷ್ಟೋ ದಿನ ಆಗಿದೆಯಲ್ಲ, ಮರ ಯಾಕೆ ಕಡಿದ್ರಿ ಅಂದ್ರು. ಹುಳ ಸತ್ತಿತ್ತು, ಮರ ಬದುಕಿತ್ತು. ನಾನು ಕೆರೆದು ನೋಡ್ಲಿಲ್ಲ."

ಆಮೇಲೆ ಒಂದು ತಿಂಗಳು ಹೆಂಡತಿ ಅವರ ಜೊತೆ ಬೇಕಾದಷ್ಟೇ ಮಾತಾಡಿದರಂತೆ. ಊಟಕ್ಕೆ ಬನ್ನಿ, ಬಾಗಿಲು ಹಾಕಿ, ಅಷ್ಟೇ. ಅವರು ಲೆನ್ಸ್ ಕೊಂಡದ್ದು ಆ ತಿಂಗಳಲ್ಲಿ.

ನಮ್ಮನೆಯವರು ಮತ್ತೆ ಕಡಿಯುವ ಮಾತೆತ್ತಲಿಲ್ಲ.

ಗಿರಿಜಕ್ಕನನ್ನು ಒಪ್ಪಿಸುವುದು ಬಾಕಿಯಿತ್ತು. ನಾನು ಹೋಗುತ್ತೇನೆ ಎಂದರೆ, "ಬೇಡ. ಮರ ನಿಮ್ಮದು, ನಷ್ಟ ಅವರದು. ನೀವು ಹೋದ್ರೆ ಜಗಳವೇ" ಎಂದು ತಾವೇ ಹೋದರು. ನಾನು ಹಿಂದೆ ನಿಂತೆ. ಅವರು ಲೆನ್ಸ್ ತೆಗೆಯುತ್ತಿದ್ದ ಹಾಗೇ ಗಿರಿಜಕ್ಕ, "ನಂಗೆ ಹುಳದ ಪಾಠ ಬೇಡ ಸಾರ್. ನನ್ನ ಹಪ್ಪಳ ಹಾಳಾಗ್ತಿದೆ. ಅದಕ್ಕೇನು ಮಾಡ್ತೀರಿ ಹೇಳಿ" ಎಂದರು.

ಅವರು ಲೆನ್ಸ್ ಒಳಗಿಟ್ಟರು. "ಯುಗಾದಿ ಕಳೆದು ಒಂದು ವಾರದ ತನಕ ಟೈಮ್ ಕೊಡಿ ಅಮ್ಮ. ಅಲ್ಲಿವರೆಗೆ ಹಪ್ಪಳ ಇವರ ಮನೆಯ ಮುಂದಿನ ತಾರಸಿ ಮೇಲೆ ಒಣಗಿಸಿ, ಅಲ್ಲಿಗೆ ಮರ ಬರಲ್ಲ. ಹೊತ್ತು ಹಾಕೋದು, ತೆಗೆಯೋದು ಇವರ ಕೆಲಸ. ಅಷ್ಟರಲ್ಲಿ ನಿಲ್ಲಲಿಲ್ಲ ಅಂದ್ರೆ ನಿಮ್ಮ ಅರ್ಜಿಗೆ ನಾನೂ ಸಹಿ ಹಾಕ್ತೀನಿ."

ನನ್ನನ್ನು ಕೇಳದೇ ನನ್ನ ತಾರಸಿ, ನನ್ನ ಬೆಳಗಿನ ಹೊತ್ತು ಎರಡನ್ನೂ ಕೊಟ್ಟುಬಿಟ್ಟರು. ಗಿರಿಜಕ್ಕ ಅವರನ್ನೂ ನನ್ನನ್ನೂ ನೋಡಿ, "ಸಹಿ ಹಾಕ್ತೀರಿ ತಾನೇ? ಆಮೇಲೆ ಮಾತು ಬದಲಾಯಿಸಬಾರದು" ಎಂದರು.

"ಬದಲಾಯಿಸಲ್ಲ."

ಆ ಏಳು ವಾರ ನಾನು ಕಲಿತಷ್ಟನ್ನು ಫಾರ್ಮಸಿ ಡಿಪ್ಲೊಮಾದ ಎರಡು ವರ್ಷದಲ್ಲಿ ಕಲಿತಿರಲಿಲ್ಲ. ಮೊದಲು ಒತ್ತಾಗಿದ್ದ, ತೀರಾ ಹುಳ ಹಿಡಿದಿದ್ದ ಕೊಂಬೆಗಳನ್ನು ಸವರಿಸಿದರು. ಗಿರಿಜಕ್ಕನ ಕಡೆಯ ದಪ್ಪ ಕೊಂಬೆಯೊಂದು ಅರ್ಧ ಒಣಗಿತ್ತು. "ಇದು ಉಳಿಯಲ್ಲ" ಎಂದು ಸ್ಪಷ್ಟವಾಗಿ ಹೇಳಿ ತೆಗೆಸಿದರು. ಮರದ ಬುಡಕ್ಕೆ ಅಗಲವಾದ ಟೇಪು ಸುತ್ತಿ ಅದರ ಮೇಲೆ ಪೆಟ್ರೋಲಿಯಂ ಜೆಲ್ಲಿ ಬಳಿದರು. ತೊಗಟೆಗೆ ನೇರವಾಗಿ ಬಳಿಯಹೊರಟ ನಮ್ಮನೆಯವರ ಕೈಯನ್ನು ಹಿಡಿದು ನಿಲ್ಲಿಸಿದರು. ಇರುವೆಗಳು ಅಲ್ಲಿಯವರೆಗೆ ಬಂದು, ದಾಟಲಾರದೆ ಹಿಂತಿರುಗಿದವು. "ಇವು ಆ ಹುಳಕ್ಕೆ ಕಾವಲು. ಕಾವಲು ತೆಗೆದ್ರೆ ಅರ್ಧ ಕೆಲಸ ಆಯ್ತು" ಎಂದರು.

ಆದರೆ ಔಷಧಿ ಮಾತ್ರ ಹೊಡೆಯಲಿಲ್ಲ. ನಾಲ್ಕು ಕಡ್ಡಿಗಳಿಗೆ ಎರಡೂ ಬದಿ ಅಂಟಿರುವ ಟೇಪು ಸುತ್ತಿ, ನನ್ನ ಕೈಗೆ ಲೆನ್ಸ್ ಕೊಟ್ಟರು. "ದಿನಾ ಬೆಳಿಗ್ಗೆ ಇದನ್ನ ನೋಡು. ಹಳದಿ ಚುಕ್ಕೆ ಕಂಡ ದಿನ ಫೋನ್ ಮಾಡು. ಅದಕ್ಕಿಂತ ಮೊದಲು ಮಾಡಬೇಡ." ಒಂದು ವಾರ ಏನೂ ಕಾಣಲಿಲ್ಲ. ಹತ್ತನೇ ದಿನ ಟೇಪಿನ ತುಂಬ ಹಳದಿ ಧೂಳು. ಲೆನ್ಸಿನಲ್ಲಿ ನೋಡಿದರೆ ಧೂಳಿಗೆ ಕಾಲುಗಳಿದ್ದವು. ಫೋನ್ ಮಾಡಿದೆ. "ಬಂದ್ವಾ?" ಎಂದರು. ನೆಂಟರ ಬಗ್ಗೆ ಕೇಳಿದ ಹಾಗಿತ್ತು.

ಅಡಿಕೆಗೆ ಔಷಧಿ ಹೊಡೆಯುವ ಒಬ್ಬರನ್ನು ಉದ್ದನೆಯ ಪೈಪಿನ ಸಮೇತ ಕರೆತಂದರು. ಬೇವಿನೆಣ್ಣೆ, ಅದನ್ನು ನೀರಿಗೆ ಬೆರೆಸಲು ಸೌಮ್ಯವಾದ ಸೋಪಿನ ನೀರು, ಅಷ್ಟೇ. ಎರಡು ದಿನ ಮೊದಲೇ ಒಂದು ಕೊಂಬೆಗೆ ಮಾತ್ರ ಹೊಡೆಸಿ ಎಲೆ ಸುಡುವುದಿಲ್ಲ ಎಂದು ನೋಡಿಕೊಂಡಿದ್ದರು. ಬಿಸಿಲು ಇಳಿದ ಮೇಲೆ, ಎಲೆಯ ಕೆಳಮೈ ತೊಯ್ಯುವ ಹಾಗೆ ಹೊಡೆಸಿದರು. ಹತ್ತು ದಿನ ಬಿಟ್ಟು ಮತ್ತೊಮ್ಮೆ, ಇನ್ನೂ ಹತ್ತು ದಿನಕ್ಕೆ ಮಗದೊಮ್ಮೆ. ಪೈಪಿನವರು, "ಇಷ್ಟಕ್ಕೆ ಸಾಯ್ತದಾ ಸಾರ್?" ಎಂದು ಕೇಳಿದರು. "ಮರಿ ಸಾಯುತ್ತೆ. ದೊಡ್ಡದು ತಾನಾಗೇ ಸಾಯೋವರೆಗೆ ಕಾಯೋಣ. ಅವಕ್ಕೂ ವಯಸ್ಸಾಗುತ್ತಲ್ಲ" ಎಂದರು.

ನಡುವೆ ಒಂದು ದಿನ ಅತ್ತೆ ಹಿತ್ತಿಲ ಬಾಗಿಲು ತೆರೆದು ಹೊರಗೆ ಬಂದರು. ಕೆಳಗಿನ ಕೊಂಬೆಯ ಮೇಲೆ ಬಿಳಿ ಹತ್ತಿಯ ಎಳೆಗಳನ್ನು ಹೊದ್ದ ಹಾಗಿದ್ದ ಹುಳಗಳು ಓಡಾಡುತ್ತಿದ್ದವು. ಅತ್ತೆ ಅವನ್ನು ಕಡ್ಡಿಯಿಂದ ಕೆಡವಿ ಚಪ್ಪಲಿಯಲ್ಲಿ ಹೊಸಕತೊಡಗಿದರು. ತಾರಸಿಯ ಮೇಲಿನಿಂದ ನೋಡಿದ ಅವರು, "ಅಮ್ಮಾ, ಬೇಡ ಬೇಡ. ಅದು ನಮ್ಮ ಕಡೆಯೋರು" ಎನ್ನುತ್ತಾ ಎರಡೆರಡು ಮೆಟ್ಟಿಲು ಹಾರಿ ಇಳಿದು ಬಂದರು. ಅದು ಒಂದು ಜಾತಿಯ ಗುಲಗಂಜಿ ಹುಳದ ಮರಿ, ಸ್ಕೇಲ್ ತಿಂದೇ ಬದುಕುವಂಥದ್ದು ಎಂದು ವಿವರಿಸಿದರು. ಅತ್ತೆ ಪೆಚ್ಚಾಗಿ, ತಾವು ಹೊಸಕಿದ್ದನ್ನು ನೋಡುತ್ತಾ, "ಎಷ್ಟನ್ನ ಕೊಂದೆನೋ" ಎಂದರು. "ಪರವಾಗಿಲ್ಲ ಅಮ್ಮ. ನಾನು ಏಳು ಮರ" ಎಂದರು ಅವರು. ಅತ್ತೆಗೆ ಆ ಕಥೆ ಗೊತ್ತಿರಲಿಲ್ಲ. ಆದರೂ ಯಾಕೋ ಏನೂ ಕೇಳದೆ ಒಳಗೆ ಹೋಗಿ ಅವರಿಗೆ ಕಾಫಿ ತಂದುಕೊಟ್ಟರು.

ಯುಗಾದಿ ಬಂತು, ಹೋಯಿತು. ಗಡುವಿನ ದಿನ ಬೆಳಿಗ್ಗೆ ನಾನು ಕೊಂಬೆ ನೋಡಿದರೆ ಕಂದು ಉಬ್ಬುಗಳು ಹಾಗೇ ಸಾಲಾಗಿ ಕೂತಿದ್ದವು. ಅವರು ಬಂದರು. ಗಿರಿಜಕ್ಕನನ್ನೂ ಕರೆಸಿದರು. ಏನೂ ಹೇಳದೆ ಒಂದು ಕಡ್ಡಿಯನ್ನು ಗಿರಿಜಕ್ಕನ ಕೈಗೆ ಕೊಟ್ಟು, "ಉಗುರಿಂದ ಕೆರೀರಿ" ಎಂದರು. ಗಿರಿಜಕ್ಕ ಕೆರೆದರು. ಒಣ ಹೊಟ್ಟಿನ ಹಾಗೆ ಉದುರಿತು. ಉಗುರು ಒದ್ದೆಯಾಗಲಿಲ್ಲ.

"ಸತ್ತ ಮೇಲೂ ಇದು ಬಿದ್ದು ಹೋಗಲ್ಲ ಅಮ್ಮ. ಎಷ್ಟೋ ತಿಂಗಳು ಅಂಟ್ಕೊಂಡೇ ಇರುತ್ತೆ. ಜನ ಇನ್ನೂ ಇದೆ ಅಂತ ಸತ್ತದ್ದಕ್ಕೇ ಔಷಧಿ ಹೊಡೀತಾ ಇರ್ತಾರೆ. ನನ್ನ ಮಾತು ನಂಬಬೇಡಿ. ನಿಮ್ಮ ತಾರಸಿ ಮೇಲೆ ಒಂದು ಬಿಳಿ ಪಂಚೆ ಹಾಸಿ, ಎರಡು ದಿನ ಬಿಡಿ."

ಗಿರಿಜಕ್ಕ ನಿಜವಾಗಿಯೂ ಹಾಸಿದರು. ಎರಡು ದಿನವಲ್ಲ, ನಾಲ್ಕು ದಿನ. ದಿನಾ ಬೆಳಿಗ್ಗೆ ಅದರ ಮೇಲೆ ಅಂಗೈ ಎಳೆದು ನೋಡುತ್ತಿದ್ದದ್ದು ನನ್ನ ಅಡುಗೆಮನೆಯ ಕಿಟಕಿಗೆ ಕಾಣುತ್ತಿತ್ತು. ಐದನೇ ದಿನ ಆ ಪಂಚೆಯ ಮೇಲೇ ಹಪ್ಪಳ ಹಾಕಿದರು. ಮುಂದೆ ಪಾಲಿಕೆಯವರು ಅರ್ಜಿಯ ಕಾಗದ ಹಿಡಿದು ಮರ ನೋಡಲು ಬಂದಾಗ ನಾನು ಅಂಗಡಿಯಲ್ಲಿದ್ದೆ. ಗಿರಿಜಕ್ಕನೇ ಅವರನ್ನು ತಾರಸಿಗೆ ಕರೆದುಕೊಂಡು ಹೋಗಿ, ಎಲೆ ಮಗುಚಿ, ಕಡ್ಡಿ ಕೆರೆದು ತೋರಿಸಿ ಕಳಿಸಿದರಂತೆ.

ನನಗೆ ಅವರ ಮೇಲೆ ಬೇಸರವಾದದ್ದೂ ಇದೆ. ಆತುರದವರನ್ನು ಕಂಡರೆ ಕೆಲವೊಮ್ಮೆ ಮಾತು ಒರಟಾಗುತ್ತಿತ್ತು. ನರ್ಸರಿ ಇಟ್ಟಿದ್ದ ಒಬ್ಬರಿಗೆ ನನ್ನ ಅಂಗಡಿಯಲ್ಲೇ, ಹತ್ತು ಜನರೆದುರು, "ನೀವು ಗಿಡ ಮಾರ್ತಿಲ್ಲ, ಹುಳ ಮಾರ್ತಿದ್ದೀರಿ" ಎಂದುಬಿಟ್ಟರು. ಮಾತು ನಿಜವೇ ಆಗಿತ್ತು. ಆ ಮನುಷ್ಯನ ಮುಖ ಮಾತ್ರ ನನಗೆ ನೋಡಲಾಗಲಿಲ್ಲ. ನರ್ಸರಿಯವರು ಹೋದ ಮೇಲೆ ಅದನ್ನು ಇವರಿಗೆ ಹೇಳಿದೆ. ಮುಂದಿನ ಶನಿವಾರ ಇವರು ನೇರ ಆ ನರ್ಸರಿಗೆ ಹೋಗಿ, ಇಡೀ ದಿನ ಕೂತು ಕುಂಡ ಕುಂಡ ಪರೀಕ್ಷಿಸಿ, ಹುಳ ಇದ್ದದ್ದನ್ನು ಬೇರೆ ಸಾಲಿಗೆ ಇಟ್ಟುಕೊಟ್ಟು ಬಂದರು ಎಂದು ಆಮೇಲೆ ತಿಳಿಯಿತು. ಕ್ಷಮೆ ಕೇಳಿದರೋ ಇಲ್ಲವೋ ಗೊತ್ತಿಲ್ಲ.

ನಾಲ್ಕು ವರ್ಷ ಹೀಗೇ ನಡೆಯಿತು. ಆಮೇಲೆ ಅವರ ಕಣ್ಣು ಮಂಜಾಗತೊಡಗಿತು. ಆಪರೇಷನ್ನಿನಿಂದ ಸರಿಹೋಗುವಂಥದ್ದಲ್ಲ, ಕಣ್ಣಿನ ನಡುಭಾಗವೇ ಸವೆಯುವ ಕಾಯಿಲೆ. ನೋಡಬೇಕೆಂದಿರುವುದು ಮಾತ್ರ ಕಾಣುವುದಿಲ್ಲ, ಸುತ್ತಲಿನದೆಲ್ಲ ಕಾಣುತ್ತದೆ ಎಂದು ನಗುತ್ತಾ ಹೇಳಿದರು. ಸ್ವಲ್ಪ ಕಾಲ ಬೆರಳಿನಲ್ಲೇ ನಡೆಸಿದರು. ಎಲೆಯನ್ನು ಕೆನ್ನೆಗೆ ಒತ್ತಿಕೊಂಡು ಅಂಟು ನೋಡುತ್ತಿದ್ದರು, ಹೆಬ್ಬೆರಳಿನಿಂದ ಕಡ್ಡಿ ಸವರಿ ಯಾವ ಜಾತಿ ಎನ್ನುತ್ತಿದ್ದರು. ಹೆಚ್ಚಾಗಿ ಸರಿಯಾಗೇ ಇರುತ್ತಿತ್ತು. ಬಸ್ಸಿನ ಬೋರ್ಡು ಓದಲಾಗದಾದಾಗ ಶನಿವಾರಗಳು ನಿಂತವು.

ಕಳೆದ ವರ್ಷ ದೀಪಾವಳಿಯ ಮರುವಾರ ನಾನೇ ಭದ್ರಾವತಿಗೆ ಹೋದೆ. ನ್ಯೂ ಟೌನಿನ ಹಳೆಯ ಕ್ವಾರ್ಟರ್ಸ್ ಮನೆಯೊಂದರಲ್ಲಿ ಅವರು, ಅವರ ಹೆಂಡತಿ. ಆ ಅಮ್ಮನನ್ನು ಅಲ್ಲಿಯವರೆಗೆ ನಾನು ಒಂದೆರಡು ಸಲ ನೋಡಿದ್ದೆನಷ್ಟೆ. ಎತ್ತರದ ಹೆಂಗಸು. ಮಾತು ಕಡಿಮೆ. ಹಿತ್ತಿಲಲ್ಲಿ ಅವರದ್ದೊಂದು ಕರಿಬೇವಿನ ಮರ ಇತ್ತು. ಆ ಸಾಲಿಗೆಲ್ಲ ಅದರದ್ದೇ ಸೊಪ್ಪು. ಅದಕ್ಕೂ ಸ್ಕೇಲ್ ಹಿಡಿದಿತ್ತು.

"ನೋಡಿ ಹೇಳು ಮಾರಾಯ್ತಿ, ನಂಗೆ ಕಾಣಲ್ಲ" ಎಂದು ಅವರು ಮರದ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತರು. ನಾನು ಲೆನ್ಸ್ ಹಿಡಿದು ಹೇಳುತ್ತಾ ಹೋದೆ. ಅಂಟು ಸ್ವಲ್ಪ ಇದೆ. ಇರುವೆ ಇಲ್ಲ. ಉಬ್ಬುಗಳು ಕಪ್ಪಾಗಿವೆ.

"ಬೆನ್ನ ಮೇಲೆ ಏನಾದ್ರೂ ಇದೆಯಾ?"

"ತೂತು ಇದೆ ಸರ್. ಸೂಜಿ ಚುಚ್ಚಿದ ಹಾಗೆ."

"ದುಂಡಗಿದೆಯಾ, ಹರಿದ ಹಾಗಿದೆಯಾ?"

"ದುಂಡಗೆ."

"ಎಷ್ಟಕ್ಕಿದೆ? ಹತ್ತು ಹುಳ ಎಣಿಸು."

ಎಣಿಸಿದೆ. "ಏಳಕ್ಕೆ."

ಅವರು ಕುರ್ಚಿಗೆ ಒರಗಿದರು. "ಕಣಜ ಬಂದಿದೆ. ಕಣ್ಣಿಗೆ ಕಾಣದಷ್ಟು ಸಣ್ಣದು. ಹುಳದೊಳಗೆ ಮೊಟ್ಟೆ ಇಡುತ್ತೆ, ಮರಿ ಒಳಗಿಂದ ತಿಂದು, ಬೆನ್ನು ಕೊರೆದು ಹಾರಿಹೋಗುತ್ತೆ. ಇನ್ನು ಈ ಮರಕ್ಕೆ ನಾವು ಮಾಡೋದು ಏನೂ ಇಲ್ಲ."

"ಯಾವ ಕಣಜ ಸರ್?"

"ಗೊತ್ತಿಲ್ಲ" ಎಂದರು ಸಂತೋಷದಿಂದ. "ಕೆಲಸ ಮಾಡ್ತಿದೆಯಲ್ಲ, ಮಾಡ್ಲಿ."

ಅಮ್ಮ ಬಾಗಿಲಲ್ಲಿ ನಿಂತು ಇದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದರು.

ಅದಾಗಿ ಮೂರು ವಾರಕ್ಕೆ ಅವರು ಹೋದರು. ಬೆಳಿಗ್ಗೆ ಹಲ್ಲುಜ್ಜುತ್ತಿದ್ದವರು ಕುಸಿದರಂತೆ. ಮಗಳು ಅಂಗಡಿಗೆ ಬಂದು ಹೇಳಿದಳು. ಆ ದಿನ ನಾನು ಕೊಟ್ಟ ಔಷಧಿಗಳನ್ನೆಲ್ಲ ಎರಡೆರಡು ಸಲ ಓದಿ ಕೊಟ್ಟೆ.

ವೈಕುಂಠ ಸಮಾರಾಧನೆಗೆ ಅತ್ತೆಯನ್ನೂ ಗಿರಿಜಕ್ಕನನ್ನೂ ಕರೆದುಕೊಂಡು ಹೋದೆ. ಕಾರ್ಖಾನೆಯ ಹಳೆಯ ಜೊತೆಗಾರರು, ನಿಂಬೆ ತೋಟದವರು, ದೇವಸ್ಥಾನಕ್ಕೆ ಹೂವು ಕಟ್ಟುವವರು, ಆ ನರ್ಸರಿಯವರು, ಎಲ್ಲ ಬಂದಿದ್ದರು. ಒಬ್ಬೊಬ್ಬರೂ ಅಮ್ಮನ ಹತ್ತಿರ ಹೋಗಿ ತಮ್ಮ ತಮ್ಮ ಮನೆಯ ಗಿಡದ ಸುದ್ದಿ ಹೇಳುತ್ತಿದ್ದರು. ಅಮ್ಮ ತಲೆಯಾಡಿಸುತ್ತಿದ್ದರು.

ಹಿತ್ತಿಲಲ್ಲಿ ಅಡುಗೆಯವರ ಒಲೆ. ಅಮ್ಮನ ಮೈದುನ ಶಾಮಿಯಾನದ ಹಗ್ಗ ಕಟ್ಟಿಸುತ್ತಾ ಕರಿಬೇವಿನ ಮರ ನೋಡಿ, "ಅತ್ತಿಗೆ, ಇದಕ್ಕೆ ಏನೋ ರೋಗ ಬಂದಿದೆ, ಮೈತುಂಬ ಹುಳ. ನಾಳೆ ಔಷಧಿ ತಂದು ಹೊಡೆದುಬಿಡ್ತೀನಿ. ಇಲ್ಲಾಂದ್ರೆ ಕಡಿದ್ರಾಯ್ತು" ಎಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಅಂಗಳಕ್ಕೆ ಇಳಿದು ಬಂದರು.

"ಮುಟ್ಟಬೇಡಿ. ಅದು ವಾಸಿಯಾಗ್ತಿದೆ."

"ನಿಮಗೆ ಹೇಗೆ ಗೊತ್ತು ಅತ್ತಿಗೆ?"

"ಅವರು ನೋಡಿ ಹೇಳಿದ್ದಾರೆ" ಎಂದರು ಅಮ್ಮ.

ಅಷ್ಟರಲ್ಲಿ ಅಡುಗೆಯವರು ಒಲೆಯ ಹತ್ತಿರದಿಂದ, ತಂದಿದ್ದ ಕರಿಬೇವು ಸಾಲುತ್ತಿಲ್ಲ, ಸಾರಿಗೆ ಒಗ್ಗರಣೆ ಆಗಬೇಕು ಎಂದು ಕೂಗಿದರು. ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ತುದಿಗಾಲಲ್ಲಿ ನಿಂತು, ಮೇಲೆ ಹೊಸದಾಗಿ ಚಿಗುರಿದ್ದ ಎರಡು ರೆಂಬೆಗಳನ್ನು ಮುರಿದುಕೊಂಡರು. ಎಲೆಗಳನ್ನು ಒಂದೊಂದಾಗಿ ಮಗುಚಿ ನೋಡಿದರು. ನೀರಿನಲ್ಲಿ ತೊಳೆದು ಅಡುಗೆಯವರ ಕೈಗೆ ಕೊಟ್ಟು, "ಹಾಕಿ, ಚೆನ್ನಾಗಿದೆ" ಎಂದರು.